ರಿಸ್ಟೋರ್ ಮಾಡಿದ ಲೋಟಸ್ ಇಲೆವೆನ್ ಮಾರಾಟಕ್ಕಿದೆ: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "1950ರ ದಶಕದ ರೇಸ್ ಕಾರು, ಪೂರ್ತಿ ರಿಸ್ಟೋರ್ ಆಗಿದೆ ಅಂತ ಜಾಹೀರಾತು ನೋಡಿದೆ. ಫೋಟೊದಲ್ಲಿ ಫಳಫಳ ಅಂತಿದೆ. ತಗೋಬಹುದಾ?"

ತಗೋಬಹುದು. ಆದರೆ ಹೆಚ್ಚಿನವರು ಇಂಥ ಕಾರನ್ನು ತಲೆಕೆಳಗಾಗಿ ನೋಡುತ್ತಾರೆ. ಮೊದಲು ಬಣ್ಣ, ಆಮೇಲೆ ಎಂಜಿನ್ ಸದ್ದು, ಕೊನೆಗೆ ಕಾಗದಪತ್ರ. ನೋಡಬೇಕಾದ ಕ್ರಮ ಇದಕ್ಕೆ ಉಲ್ಟಾ. ಮೊದಲು ಈ ಕಾರು ನಿಜಕ್ಕೂ ಯಾವ ಕಾರು ಅನ್ನೋದು ಗೊತ್ತಾಗಬೇಕು. ಆಮೇಲೆ ಅದರ ಮೂಳೆ, ಆಮೇಲೆ ಎಂಜಿನ್. ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಕಳೆದುಹೋದ ಇತಿಹಾಸವನ್ನು ಯಾವ ಗ್ಯಾರೇಜೂ ಮಾಡಿಕೊಡುವುದಿಲ್ಲ.

ಉದಾಹರಣೆಗೆ ಲೋಟಸ್ ಇಲೆವೆನ್ ಕಾರನ್ನು ಇಟ್ಟುಕೊಳ್ಳುತ್ತೇನೆ. ಇದು ಆಗಾಗ ಮಾರಾಟಕ್ಕೆ ಬರುತ್ತದೆ, ಬಿಡಿಭಾಗ ಸಿಗುತ್ತವೆ, ಬಲ್ಲವರೂ ಇದ್ದಾರೆ. ನಕಲುಗಳೂ ಅಷ್ಟೇ ಇವೆ. ಅದೇ ಕಾಲದ ಇತರ ಬ್ರಿಟಿಷ್ ರೇಸ್ ಕಾರುಗಳಾದ ಕೂಪರ್ ಬಾಬ್‌ಟೇಲ್, ಲೋಲಾ ಮಾರ್ಕ್ 1 ನೋಡುತ್ತಿರುವವರಿಗೂ ಬಹುಪಾಲು ಇದೇ ಕ್ರಮ ಸಾಕು.

ಹಂತ 1: ಯಾವ ಇಲೆವೆನ್ ಅಂತ ತಿಳಿದುಕೊಳ್ಳಿ

ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ಆಗ ಲಂಡನ್ನಿನ ಹಾರ್ನ್ಸಿಯಲ್ಲಿತ್ತು. 1956ರಿಂದ 1958ರವರೆಗೆ ಅಲ್ಲಿ ಸುಮಾರು 270 ಇಲೆವೆನ್‌ಗಳು ತಯಾರಾದವು. ಗಾಳಿಗೆ ಅಡ್ಡ ಬಾರದ ಆ ನುಣುಪು ಆಕಾರ ಕೊಟ್ಟವರು ವಿಮಾನ ಉದ್ಯಮದಲ್ಲಿದ್ದ ಫ್ರ್ಯಾಂಕ್ ಕಾಸ್ಟಿನ್. ತೂಕ 500 ಕೆ.ಜಿ.ಗಿಂತ ಕಡಿಮೆ. 1957ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆ ರೇಸಿನಲ್ಲಿ ಇಲೆವೆನ್ ಒಂದು 1100 ಸಿಸಿ ವರ್ಗವನ್ನು ಗೆದ್ದು ಒಟ್ಟಾರೆ 9ನೇ ಸ್ಥಾನಕ್ಕೆ ಬಂತು. 750 ಸಿಸಿ ವರ್ಗಕ್ಕೆ ಇಳಿದಿದ್ದ ಇನ್ನೊಂದು, ಎಂಜಿನ್ ಗಾತ್ರಕ್ಕೆ ತಕ್ಕಂತೆ ಸಾಧನೆ ಅಳೆಯುವ ಇಂಡೆಕ್ಸ್ ಆಫ್ ಪರ್ಫಾರ್ಮೆನ್ಸ್ ಪ್ರಶಸ್ತಿ ಗೆದ್ದಿತು. ಬೆಲೆ ಏಕೆ ಇಷ್ಟು ಜಾಸ್ತಿ ಅನ್ನುವುದಕ್ಕೆ ಇದೇ ಉತ್ತರ.

ಇದರಲ್ಲಿ ಮೂರು ಬಗೆ:

- ಲ ಮಾನ್ಸ್: ಕೋವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್, ಡಿಸ್ಕ್ ಬ್ರೇಕ್, ಹಿಂದೆ ಡಿ ಡಿಯಾನ್ ವ್ಯವಸ್ಥೆ. ಅಂದರೆ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಹಿಂಚಕ್ರಗಳಿಗೂ ಹಂಚುವ ಗೇರ್ ಪೆಟ್ಟಿಗೆ) ಚಾಸಿಗೇ, ಅಂದರೆ ಕಾರಿನ ಚೌಕಟ್ಟಿಗೇ ಕೂತಿರುತ್ತದೆ, ಎರಡು ಹಿಂಚಕ್ರಗಳನ್ನು ಒಂದು ಬಾಗಿದ ಕೊಳವೆ ಜೋಡಿಸುತ್ತದೆ.
- ಕ್ಲಬ್: ಅದೇ ಎಂಜಿನ್, ಆದರೆ ಹಿಂದೆ ಸಾದಾ ಆಕ್ಸಲ್, ಡ್ರಮ್ ಬ್ರೇಕ್.
- ಸ್ಪೋರ್ಟ್: 1172 ಸಿಸಿ ಫೋರ್ಡ್ ಎಂಜಿನ್, ಸಾದಾ ಆಕ್ಸಲ್, ಡ್ರಮ್ ಬ್ರೇಕ್.

1957ರಲ್ಲಿ ಎರಡನೇ ಸರಣಿ ಬಂತು. ಮೊದಲ ಸರಣಿಯಲ್ಲಿ ಫೋರ್ಡ್ ಆಕ್ಸಲನ್ನೇ ನಡುವೆ ಕತ್ತರಿಸಿ ಮುಂಚಕ್ರ ಕೂರಿಸಿದ್ದರು. ಎರಡನೆಯದರಲ್ಲಿ ಪ್ರತಿ ಮುಂಚಕ್ರವನ್ನೂ ವಿ ಆಕಾರದ ತೋಳುಗಳು ಹಿಡಿಯುವ ವಿಶ್‌ಬೋನ್ ಸಸ್ಪೆನ್ಷನ್ ಬಂತು.

ಎಚ್ಚರಿಕೆ: ಸ್ಪೋರ್ಟ್ ಅಥವಾ ಕ್ಲಬ್ ಆಗಿ ಹುಟ್ಟಿದ ಕಾರಿಗೆ ಲ ಮಾನ್ಸ್ ಭಾಗ ಹಾಕಿ ಮಾರುವುದುಂಟು. ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಹೇಳಿ ಮಾರಬೇಕು ಅಷ್ಟೆ. ಲ ಮಾನ್ಸ್ ಬೆಲೆ ಕೇಳುತ್ತಿದ್ದರೆ, ಫ್ಯಾಕ್ಟರಿಯಿಂದ ಹೊರಟಾಗ ಅದು ಏನಾಗಿತ್ತು ಅಂತ ಬರವಣಿಗೆಯಲ್ಲಿ ಕೇಳಿ.

ಹಂತ 2: ಗುರುತನ್ನು ಪರೀಕ್ಷಿಸಿ

ಎಲ್ಲಕ್ಕಿಂತ ಮುಖ್ಯ ಇದು. ಕಾರು ನೋಡಲು ಹೊರಡುವ ಮುಂಚೆ, ಮನೆಯಲ್ಲಿ ಕೂತೇ ಮಾಡಬೇಕಾದ ಕೆಲಸ.

ಇಲೆವೆನ್‌ನ ಚಾಸಿ ನಂಬರು ಮೂರಂಕಿಯದು. ಅದು ಒಂದು ಪುಟ್ಟ ಪ್ಲೇಟಿನ ಮೇಲೆ ಇರುತ್ತದೆ. ಆ ಪ್ಲೇಟನ್ನು ಹೊಸದಾಗಿ ಮಾಡಿಸುವುದು ಏನೇನೂ ಕಷ್ಟವಿಲ್ಲ. ಹಾಗಾಗಿ ಪ್ಲೇಟ್ ನೋಡಿ ಕಾರನ್ನು ನಂಬಬೇಡಿ. ಅದನ್ನು ತನಿಖೆಯ ಮೊದಲ ಸಾಲು ಅಂದುಕೊಳ್ಳಿ.

ಈ ಕಾರುಗಳು ಪಕ್ಕಾ ರೇಸಿಗೆ ದುಡಿದವು. ಅಪಘಾತ ಆದಾಗ ಹೊಸ ಫ್ರೇಮ್ ಹಾಕಿ ಮುಂದಿನ ರೇಸಿಗೆ ಓಡಿಸುತ್ತಿದ್ದರು. ಬಾಗಿದ ಹಳೇ ಫ್ರೇಮ್ ಗ್ಯಾರೇಜಿನ ಹಿಂದೆ ಬೀಳುತ್ತಿತ್ತು. ಹಲವು ವರ್ಷ ಕಳೆದ ಮೇಲೆ ಯಾರೋ ಆ ಫ್ರೇಮನ್ನು ಎತ್ತಿಕೊಂಡು ನೇರ ಮಾಡಿ, ಅದರ ಸುತ್ತ ಇನ್ನೊಂದು ಕಾರು ಕಟ್ಟುತ್ತಾರೆ. ಈಗ ಒಂದೇ ನಂಬರಿಗೆ ಎರಡು ಕಾರು. ಎರಡರ ಮಾಲೀಕರೂ ತಮ್ಮದೇ ಅಸಲಿ ಅನ್ನುತ್ತಾರೆ, ಇಬ್ಬರ ಬಳಿಯೂ ಒಂದಿಷ್ಟು ಸಾಕ್ಷಿ ಇರುತ್ತದೆ. ಇಂಥ ಜಗಳ ಇರುವ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ ಅಂತ ನನ್ನ ಸಲಹೆ. ನಾಳೆ ನೀವು ಮಾರಲು ಹೋದಾಗ ಆ ಜಗಳ ನಿಮ್ಮದಾಗುತ್ತದೆ.

ಮಾಡಬೇಕಾದ್ದು ಹೀಗೆ:

1. ಹಿಸ್ಟಾರಿಕ್ ಲೋಟಸ್ ರಿಜಿಸ್ಟರ್ ಎಂಬ ಕ್ಲಬ್ ಇದೆ. ಹಳೆಯ ಲೋಟಸ್‌ಗಳ ದಾಖಲೆಯನ್ನು ಅಲ್ಲಿ ಮಾದರಿವಾರು ನೋಡಿಕೊಳ್ಳುವವರಿದ್ದಾರೆ. ಚಾಸಿ ನಂಬರು ಕೊಟ್ಟು, ಇದೇ ನಂಬರಿನ ಬೇರೆ ಕಾರು ಇದೆಯಾ ಅಂತ ನೇರವಾಗಿ ಕೇಳಿ.

2. ಮಾರುವವರಿಂದ ಮಾಲೀಕರ ಪಟ್ಟಿ ತರಿಸಿಕೊಳ್ಳಿ. ಕಾರು ತಯಾರಾದ ವರ್ಷದಿಂದ ಇವತ್ತಿನವರೆಗೆ ಯಾರ ಹತ್ತಿರ ಎಷ್ಟು ವರ್ಷ ಇತ್ತು, ಪ್ರತಿ ಕೈ ಬದಲಾವಣೆಗೆ ಯಾವ ಕಾಗದವಿದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲಿ ಖಾಲಿ ಬಿಡುತ್ತದೋ ಅಲ್ಲೇ ಪ್ರಶ್ನೆ ಕೇಳಿ. ಹತ್ತಾರು ವರ್ಷ ಖಾಲಿಯಿದ್ದು, ಆಮೇಲೆ ಇದ್ದಕ್ಕಿದ್ದಂತೆ ಪೂರ್ತಿ ಕಾರು ಪ್ರತ್ಯಕ್ಷವಾದರೆ ಹುಷಾರು.

3. ಹಳೆಯ ಫೋಟೊ ಕೇಳಿ. ರಿಸ್ಟೋರ್ ಮಾಡುವ ಮುಂಚಿನ, ಬಣ್ಣ ತೆಗೆದ, ಬಾಡಿ ಬಿಚ್ಚಿದ ಫೋಟೊ. ನಿಜವಾದ ರಿಸ್ಟೋರೇಷನ್ ಆಗಿದ್ದರೆ ಅಂಥ ಫೋಟೊ ರಾಶಿ ರಾಶಿ ಇರುತ್ತದೆ. "ಆಗ ತೆಗೆದಿಲ್ಲ" ಅಂದರೆ ನನಗಂತೂ ಅನುಮಾನ.

4. ತುಂಬಾ ಇಲೆವೆನ್‌ಗಳು ಅಮೆರಿಕಕ್ಕೆ ಹೋದವು. ಪಶ್ಚಿಮ ಕರಾವಳಿಯಲ್ಲಿ ಅವನ್ನು ಮಾರುತ್ತಿದ್ದವರು ಜೇ ಚೇಂಬರ್ಲೇನ್. ಮೇಲೆ ಹೇಳಿದ, 1957ರ ಲ ಮಾನ್ಸ್‌ನಲ್ಲಿ 1100 ಸಿಸಿ ವರ್ಗ ಗೆದ್ದ ಕಾರನ್ನು ಓಡಿಸಿದ ಇಬ್ಬರಲ್ಲಿ ಅವರೂ ಒಬ್ಬರು. ಅಮೆರಿಕದಿಂದ ವಾಪಸು ಬಂದ ಕಾರಾದರೆ ಅಲ್ಲಿನ ರೇಸ್ ಲಾಗ್‌ಬುಕ್, ಹಡಗಿನ ಕಾಗದ, ಆಮದು ತೆರಿಗೆ ಕಟ್ಟಿದ ರಸೀದಿ ಕೇಳಿ.

ಇನ್ನು ವಿ5ಸಿ. ಇದು ಬ್ರಿಟನ್ನಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎ ಕೊಡುವ ಪತ್ರ. ನಮ್ಮ ಊರಿನ ಆರ್‌ಸಿ ಅಂದುಕೊಂಡು ಸುಮಾರು ಜನ ಮೋಸ ಹೋಗುತ್ತಾರೆ. ವಿ5ಸಿ ಮಾಲೀಕತ್ವದ ಪುರಾವೆ ಅಲ್ಲ, ಹಾಗಂತ ಆ ಪತ್ರದ ಮೇಲೇ ಅಚ್ಚಾಗಿದೆ. ವಾಹನದ ಜವಾಬ್ದಾರಿ ಯಾರ ಹೆಸರಲ್ಲಿದೆ ಅಂತ ಮಾತ್ರ ಅದು ಹೇಳುತ್ತದೆ. ಮಾಲೀಕತ್ವಕ್ಕೆ ಕ್ರಯಪತ್ರ ಬೇಕು. ಅಲ್ಲದೆ ರೇಸಿಗಷ್ಟೇ ಬಳಸಿದ ಕಾರಿಗೆ ವಿ5ಸಿ ಇಲ್ಲದೆಯೂ ಇರಬಹುದು. ಅದರಿಂದಲೇ ಕಾರು ಕೆಟ್ಟದ್ದು ಅಂತಾಗುವುದಿಲ್ಲ, ರಸ್ತೆಗೆ ಇಳಿಸಲು ಆಗುವುದಿಲ್ಲ ಅಷ್ಟೆ.

"ಮ್ಯಾಚಿಂಗ್ ನಂಬರ್ಸ್" ಅನ್ನುವ ಮಾತೂ ಜಾಹೀರಾತಿನಲ್ಲಿ ಬರುತ್ತದೆ. ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದೆ ಅಂತ ಅರ್ಥ. ಇಲೆವೆನ್ ವಿಷಯದಲ್ಲಿ ಇದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಟ್ಟಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು. ಅದನ್ನು ಉಳಿಸಲು ಲೋಟಸ್ ಕಾರುಗಳನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವವರು ಬಹಳ ಇದ್ದರು. ರೇಸಿನಲ್ಲಿ ಎಂಜಿನ್ ಬದಲಾಗುತ್ತಲೇ ಇತ್ತು. ಮುರಿಯದ ಮಾಲೀಕರ ಸರಪಳಿ ಇರುವ, ಬೇರೆ ಎಂಜಿನ್ ಹಾಕಿದ ಕಾರು ನನ್ನ ದೃಷ್ಟಿಯಲ್ಲಿ ಹೆಚ್ಚು ಒಳ್ಳೆಯದು.

ನಕಲಿನ ಬಗ್ಗೆಯೂ ಒಂದು ಮಾತು. ವೆಸ್ಟ್‌ಫೀಲ್ಡ್ ಎಂಬ ಬ್ರಿಟಿಷ್ ಕಂಪನಿ 1980ರ ದಶಕದಲ್ಲಿ ಇಲೆವೆನ್‌ನ ಪ್ರತಿರೂಪ ಮಾಡುವುದರೊಂದಿಗೇ ಶುರುವಾಯಿತು. ಅದರ ಬಾಡಿ ಫೈಬರ್‌ಗ್ಲಾಸ್, ಒಳಗಿನ ಭಾಗಗಳು ಎಂಜಿ ಮಿಜೆಟ್‌ನವು. ಓಡಿಸಲು ಖುಷಿ ಕೊಡುವ ಕಾರು, ಬೆಲೆಯೂ ತುಂಬಾ ಕಡಿಮೆ. ಐತಿಹಾಸಿಕ ರೇಸಿಂಗ್ ಬೇಡ, ಭಾನುವಾರ ಒಂದು ಸುತ್ತು ಹೊಡೆದರೆ ಸಾಕು ಅನ್ನುವವರು ಅದನ್ನೇ ಕೊಳ್ಳಿ. ಗೊತ್ತಿದ್ದು, ಅದರ ಬೆಲೆಗೆ ಕೊಳ್ಳಿ.

ಹಂತ 3: ರೇಸಿಂಗ್ ಪಾಸ್‌ಪೋರ್ಟ್ ನೋಡಿ

ಎಚ್‌ಟಿಪಿ ಅಂದರೆ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್. ಅಂತಾರಾಷ್ಟ್ರೀಯ ಮೋಟಾರ್ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ, ಈ ಕಾರು ತನ್ನ ಕಾಲದ ತಾಂತ್ರಿಕ ರೂಪದಲ್ಲೇ ಇದೆ ಅಂತ ಹೇಳುವ ಪುಸ್ತಿಕೆ. ಬ್ರಿಟನ್ನಿನಲ್ಲಿ ಇದಕ್ಕೆ ಅಲ್ಲಿನ ಮೋಟಾರ್ ರೇಸಿಂಗ್ ಸಂಸ್ಥೆಯಾದ ಮೋಟಾರ್‌ಸ್ಪೋರ್ಟ್ ಯುಕೆ ಮೂಲಕ ಅರ್ಜಿ ಹಾಕಬೇಕು. ದೊಡ್ಡ ಐತಿಹಾಸಿಕ ರೇಸುಗಳಲ್ಲಿ ಇದನ್ನು ಕೇಳುತ್ತಾರೆ.

ಇದಕ್ಕೆ ಅವಧಿ ಇದೆ. ಮುಗಿಯುವ ತಾರೀಕು ನೋಡಿ. ಆಮೇಲೆ ಪುಸ್ತಿಕೆ ಕೈಯಲ್ಲಿ ಹಿಡಿದು, ಒಂದೊಂದು ಪುಟವನ್ನೂ ಎದುರಿಗಿರುವ ಕಾರಿನ ಜೊತೆ ಹೋಲಿಸಿ. ಪುಸ್ತಿಕೆಯಲ್ಲಿ 1098 ಸಿಸಿ ಎಂಜಿನ್ ಅಂತಿದ್ದು, ಕಾರಿನಲ್ಲಿ ಲೋಟಸ್‌ನದೇ ಇನ್ನೊಂದು ಕಾರಾದ ಇಲೀಟ್‌ನ 1216 ಸಿಸಿ ಎಂಜಿನ್ ಕೂತಿರಬಹುದು. ಎರಡೂ ಕ್ಲೈಮ್ಯಾಕ್ಸ್, ಹೊರಗಿನಿಂದ ಒಂದೇ ತರ ಕಾಣುತ್ತವೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಎಂಟ್ರಿ ಹೋಯಿತು.

ಎರಡು ತಪ್ಪು ಕಲ್ಪನೆ ಬಿಡಿ. ಎಚ್‌ಟಿಪಿ ಇದೆ ಅಂದ ಮಾತ್ರಕ್ಕೆ ಕಾರು ಅಸಲಿ ಅಂತಲ್ಲ. ಅದು ತಾಂತ್ರಿಕ ರೂಪದ ದಾಖಲೆ, ಗುರುತಿಗೆ ಹಂತ 2ರ ಕಾಗದಗಳೇ ಬೇಕು. ಇನ್ನೊಂದು, "ಗುಡ್‌ವುಡ್ ರಿವೈವಲ್‌ಗೆ ಅರ್ಹ" ಎಂಬ ಸಾಲು. ಅದು ಇಂಗ್ಲೆಂಡಿನ ಹೆಸರುವಾಸಿ ಹಳೇ ಕಾರುಗಳ ರೇಸ್ ಕೂಟ. ಅಲ್ಲಿ ಓಡಿಸಲು ಆಹ್ವಾನ ಬರಬೇಕು. ಕಾರಿನ ಜೊತೆ ಆಹ್ವಾನ ಕೈ ಬದಲಾಗುವುದಿಲ್ಲ. ಆ ಸಾಲಿಗೆ ದುಡ್ಡು ಕೊಡಬೇಡಿ.

ಹಂತ 4: ಚಾಸಿ, ಅಂದರೆ ಮೂಳೆ

ಈ ಹಂತಕ್ಕೆ ಹಳೆಯ ಲೋಟಸ್ ಬಲ್ಲ ಸ್ವತಂತ್ರ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಾರುವವರು ಸೂಚಿಸಿದವರು ಬೇಡ.

ಇಲೆವೆನ್‌ನದು ಸ್ಪೇಸ್‌ಫ್ರೇಮ್. ತೆಳುವಾದ ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಪಂಜರ. ಕೊಳವೆಯ ಗೋಡೆಯ ದಪ್ಪ ಸುಮಾರು ಒಂದು ಮಿಲಿಮೀಟರ್. ಇಷ್ಟು ತೆಳುವಾದ ಕೊಳವೆ ಒಳಗಿನಿಂದ ತುಕ್ಕು ಹಿಡಿದರೆ ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತದೆ. ಅಲ್ಟ್ರಾಸಾನಿಕ್ ಗೇಜ್ ಎಂಬ ಪುಟ್ಟ ಉಪಕರಣ ಇಟ್ಟರೆ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ತೋರಿಸುತ್ತದೆ. ಕೆಳಗಿನ ಕೊಳವೆಗಳಿಂದ ಶುರು ಮಾಡಿ, ನೀರು ನಿಲ್ಲುವುದು ಅಲ್ಲೇ.

ನಡುವಿನ ಸುರಂಗ ಮತ್ತು ನೆಲದ ಅಲ್ಯೂಮಿನಿಯಂ ತಗಡುಗಳನ್ನು ಫ್ರೇಮಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಇವು ಬರೀ ಮುಚ್ಚಳವಲ್ಲ, ಫ್ರೇಮಿನ ಬಿಗಿಯಲ್ಲಿ ಇವುಗಳ ಪಾಲೂ ಇದೆ. ಟಾರ್ಚ್ ಹಿಡಿದು ರಿವೆಟ್ ಸಾಲನ್ನು ಹತ್ತಿರದಿಂದ ನೋಡಿ. ಯಾವುದಾದರೂ ರಿವೆಟ್ ತಲೆಯ ಸುತ್ತ ಸಣ್ಣ ಕಪ್ಪು ಪುಡಿ, ಅದರಿಂದ ಬಾಲದಂತೆ ಹೊರಟ ಬೂದು ಗೆರೆ ಕಂಡರೆ, ಆ ರಿವೆಟ್ ಸಡಿಲವಾಗಿ ಉಜ್ಜುತ್ತಿದೆ. ಒಂದೆರಡು ಇದ್ದರೆ ಮತ್ತೆ ಹೊಡೆಯಬಹುದು. ಸಾಲಿಗೆ ಸಾಲೇ ಹಾಗಿದ್ದರೆ ಫ್ರೇಮ್ ತಿರುಚುತ್ತಿದೆ.

ಸಸ್ಪೆನ್ಷನ್ ಕೂರುವ ಜಾಗ, ಡಿಫರೆನ್ಷಿಯಲ್ ಕೂರುವ ಜಾಗ, ಎಂಜಿನ್ ಮೌಂಟು, ಈ ಮೂರರ ಸುತ್ತ ಬಿರುಕು ಹುಡುಕಿ. ಹೊಸ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಕಂಡರೂ ಬಿಡಬೇಡಿ. ಮುಂಚಕ್ರದ ಸ್ಟಬ್ ಆಕ್ಸಲ್ (ಚಕ್ರ ತಿರುಗುವ ಗಿಡ್ಡ ಅಚ್ಚು), ಡಿ ಡಿಯಾನ್ ಕೊಳವೆ ಮತ್ತು ಚಕ್ರದ ನಡುವಿನ ಹಬ್‌ಗಳಿಗೆ ಕ್ರ್ಯಾಕ್ ಟೆಸ್ಟ್ ಆಗಿರಬೇಕು. ಭಾಗ ಬಿಚ್ಚಿ, ಕಾಂತ ಅಥವಾ ಬಣ್ಣದ ದ್ರವ ಬಳಸಿ ಕಣ್ಣಿಗೆ ಕಾಣದ ಬಿರುಕು ಹಿಡಿಯುವ ಪರೀಕ್ಷೆ ಅದು. ಸರ್ಟಿಫಿಕೇಟಿನ ತಾರೀಕು ನೋಡಿ. ರೇಸಿನಲ್ಲಿ ಸ್ಟಬ್ ಆಕ್ಸಲ್ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ. ದಯವಿಟ್ಟು ಈ ಪರೀಕ್ಷೆಯಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಹೊಸ ಫ್ರೇಮ್ ಹಾಕಿದ್ದಾರೆ ಅಂತ ಗೊತ್ತಾದರೆ ತಕ್ಷಣ ಎದ್ದು ಬರಬೇಕಿಲ್ಲ. ಹಳೆಯ ಫ್ರೇಮ್ ಎಲ್ಲಿದೆ ಅಂತ ಕೇಳಿ. ಅದೂ ಮಾರಾಟದಲ್ಲಿ ಸೇರಿರಬೇಕು. ಇಲ್ಲದಿದ್ದರೆ ಹಂತ 2ರ ಜೋಡಿ ಕಾರಿನ ಕಥೆಗೆ ಬಾಗಿಲು ತೆರೆದಂತೆ.

ಹಂತ 5: ಬಾಡಿ

ಅಸಲಿ ಬಾಡಿ ಅಲ್ಯೂಮಿನಿಯಂ, ಲಂಡನ್ನಿನ ವಿಲಿಯಮ್ಸ್ ಅಂಡ್ ಪ್ರಿಚರ್ಡ್ ಎಂಬ ಬಾಡಿ ಕಟ್ಟುವ ಕಂಪನಿಯ ಕೈಕೆಲಸ. ಇಲ್ಲಿ ಆಯಸ್ಕಾಂತ ಹಿಡಿದು ನೋಡುವ ಹಳೇ ಉಪಾಯ ನಡೆಯುವುದಿಲ್ಲ. ಅಲ್ಯೂಮಿನಿಯಂಗೂ ಅಂಟುವುದಿಲ್ಲ, ಫೈಬರ್‌ಗ್ಲಾಸಿಗೂ ಅಂಟುವುದಿಲ್ಲ, ಪುಟ್ಟಿಗೂ ಇಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ತಗೊಂಡು ಹೋಗಿ. ಉಕ್ಕಿನ ಮೇಲೆ ಮಾತ್ರ ಕೆಲಸ ಮಾಡುವ ಅಗ್ಗದ ಮೀಟರ್ ಬೇಡ, ಅಲ್ಯೂಮಿನಿಯಂ ಮೇಲೂ ಓದುವಂಥದ್ದು ಬೇಕು. ಮೂಗು, ಬಾಲ ಮತ್ತು ಚಕ್ರದ ಮೇಲಿನ ಉಬ್ಬುಗಳಲ್ಲಿ ಅಳೆಯಿರಿ.

ಮೂಗನ್ನು ಎತ್ತಿ ಒಳಭಾಗ ನೋಡಿ. ಅಲ್ಯೂಮಿನಿಯಂ ಮತ್ತು ಉಕ್ಕು ತಾಗುವ ಕಡೆ ಬಿಳೀ ಪುಡಿ ಕಂಡರೆ ಲೋಹ ಕರಗುತ್ತಿದೆ ಅಂತ ಲೆಕ್ಕ. ಹೊಸ ಬಾಡಿ ಹಾಕಿದ್ದರೆ ತೀರಾ ತಲೆ ಕೆಡಿಸಿಕೊಳ್ಳಬೇಡಿ, ರೇಸಿಗೆ ಹೋದ ಕಾರಿನ ಮೂಗು ಬದಲಾಗುವುದು ಮಾಮೂಲು.

ಹಂತ 6: ಎಂಜಿನ್ ಮತ್ತು ಗೇರ್‌ಬಾಕ್ಸ್

ಲ ಮಾನ್ಸ್, ಕ್ಲಬ್ ಕಾರುಗಳ ಕ್ಲೈಮ್ಯಾಕ್ಸ್ ಎಂಜಿನ್ನಿನ ಹೆಸರು ಎಫ್‌ಡಬ್ಲ್ಯುಎ. ಅದರ ಮೂಲ ಬೆಂಕಿ ಆರಿಸುವ ಪಂಪು. ಹೊತ್ತೊಯ್ಯಲು ಹಗುರ ಇರಲಿ ಅಂತ ಅಲ್ಯೂಮಿನಿಯಂನಲ್ಲಿ ಮಾಡಿದ್ದ ಪಂಪ್ ಎಂಜಿನನ್ನು 1098 ಸಿಸಿಗೆ ಬೆಳೆಸಿ ರೇಸಿಗೆ ತಂದರು. ಆ ಕಾಲಕ್ಕೆ 75 ಅಶ್ವಶಕ್ತಿ, ಟ್ಯೂನ್ ಮಾಡಿದರೆ 80 ದಾಟುತ್ತಿತ್ತು. ಅಲ್ಯೂಮಿನಿಯಂ ಆದದ್ದೇ ಇವತ್ತಿನ ತಲೆನೋವು. ನೀರಿನ ದಾರಿಯಲ್ಲಿ ಕೊರೆತ ಬೀಳುತ್ತದೆ, ಹೆಡ್ ಬಾಗುತ್ತದೆ.

ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಪ್ರತಿ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಪರೀಕ್ಷೆ. ಬರೀ ಕಂಪ್ರೆಷನ್ ಟೆಸ್ಟಿಗಿಂತ ಇದು ಜಾಸ್ತಿ ಹೇಳುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಕಡೆ ಸಮಸ್ಯೆ ಇದೆ. ಮುಖ್ಯವಾಗಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ನೀವು ಬರುವ ಹೊತ್ತಿಗೆ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಕೊನೆಯ ಸಲ ಎಂಜಿನ್ ಬಿಚ್ಚಿ ಕಟ್ಟಿದ್ದು ಯಾರು, ಆಮೇಲೆ ಎಷ್ಟು ಗಂಟೆ ಓಡಿದೆ ಅಂತ ಕೇಳಿ. ರೇಸ್ ಎಂಜಿನ್ನಿನ ಆಯಸ್ಸನ್ನು ಗಂಟೆಯಲ್ಲಿ ಲೆಕ್ಕ ಇಡುತ್ತಾರೆ. ಈಗ ಹೊಸ ಬ್ಲಾಕು, ಹೆಡ್ಡು ಮಾಡಿಕೊಡುವವರಿದ್ದಾರೆ, ಆದರೆ ಬಿಲ್ ಸಣ್ಣದಲ್ಲ.

ಗೇರ್‌ಬಾಕ್ಸ್ ಮೂಲತಃ ಸಣ್ಣ ಆಸ್ಟಿನ್‌ನದು, ಹಲ್ಲುಗಳು ಮಾತ್ರ ರೇಸಿನವು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಸವೆದಿದೆ.

ಹಂತ 7: ಬ್ರೇಕು, ಚಕ್ರ, ಪೆಟ್ರೋಲ್ ಪೈಪು

ಲ ಮಾನ್ಸ್ ಮಾದರಿಯಲ್ಲಿ ಹಿಂದಿನ ಡಿಸ್ಕ್‌ಗಳು ಚಕ್ರದ ಬಳಿ ಇರುವುದಿಲ್ಲ, ಡಿಫರೆನ್ಷಿಯಲ್ ಪಕ್ಕದಲ್ಲೇ ಇರುತ್ತವೆ. ಬ್ರೇಕಿನ ಬಿಸಿಗೆ ಅಲ್ಲಿನ ಆಯಿಲ್ ಸೀಲ್ ಕೆಡುತ್ತದೆ. ಸೋರಿದ ಎಣ್ಣೆ ನೇರ ಡಿಸ್ಕಿನ ಮೇಲೆ ಬೀಳುತ್ತದೆ. ಬೆರಳಿಟ್ಟು ನೋಡಿ, ಜಿಡ್ಡಿದ್ದರೆ ಟೆಸ್ಟ್ ಡ್ರೈವ್ ಬೇಡ.

ಕಡ್ಡಿ ಚಕ್ರವಿದ್ದರೆ ಚಕ್ರ ಎತ್ತಿ ತಿರುಗಿಸುತ್ತಾ ಪೆನ್ನಿನಿಂದ ಕಡ್ಡಿಗಳನ್ನು ಮೀಟಿ. ಎಲ್ಲವೂ ಟಿಣ್ ಅನ್ನಬೇಕು. ಮಂಕಾಗಿ ಸದ್ದು ಮಾಡುವ ಕಡ್ಡಿ ಸಡಿಲವಾಗಿದೆ. ಆಮೇಲೆ ಬ್ರೇಕ್ ಒತ್ತಿ ಹಿಡಿಸಿ ಚಕ್ರವನ್ನು ಹಿಂದೆ ಮುಂದೆ ಅಲುಗಿಸಿ. ಕಟಕ್ ಅಂದರೆ ಹಬ್ಬಿನ ಹಲ್ಲು ಸವೆದಿದೆ.

ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಶೇಕಡ 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಎಥನಾಲ್ ತಡೆಯುವ ಪೈಪ್ ಹಾಕಿದ್ದಾರಾ ಅಂತ ಕೇಳಿ.

ಹಂತ 8: ಒಳಗೆ ಕೂತು ನೋಡಿ

ಸುಮ್ನೆ ಹೇಳುತ್ತಿಲ್ಲ, ಎಷ್ಟೋ ಜನ ಇದನ್ನು ಮರೆಯುತ್ತಾರೆ. ಕಾಕ್‌ಪಿಟ್ ಬಹಳ ಇಕ್ಕಟ್ಟು. ಎತ್ತರದವರ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತದೆ, ಅಗಲ ಶೂ ಹಾಕಿದರೆ ಎರಡು ಪೆಡಲ್ ಒಟ್ಟಿಗೆ ಒತ್ತುತ್ತದೆ. ರೇಸ್ ಶೂ, ಹೆಲ್ಮೆಟ್ ತಗೊಂಡು ಹೋಗಿ, ಬೆಲ್ಟ್ ಕಟ್ಟಿಕೊಂಡು ಹತ್ತು ನಿಮಿಷ ಕೂತು ನೋಡಿ. ರೋಲ್ ಬಾರ್ ನಿಮ್ಮ ಹೆಲ್ಮೆಟ್ಟಿಗಿಂತ ಮೇಲಿರಬೇಕು, ಕೆಳಗಿದ್ದರೆ ಅದು ಇದ್ದೂ ಇಲ್ಲದಂತೆ.

ಹಂತ 9: ದುಡ್ಡಿನ ಲೆಕ್ಕ

ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆ ಅಲ್ಲ. ಅದರ ಮೇಲೆ ಬಯರ್ಸ್ ಪ್ರೀಮಿಯಂ, ಅಂದರೆ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಕಮಿಷನ್ ಇದೆ. ಆ ಕಮಿಷನ್ ಮೇಲೆ ಶೇಕಡ 20 ವ್ಯಾಟ್. ಉದಾಹರಣೆಗೆ 1,00,000 ಪೌಂಡಿಗೆ ಕೂಗಿ ಗೆದ್ದಿರಿ, ಪ್ರೀಮಿಯಂ ಶೇಕಡ 15 ಅಂದುಕೊಳ್ಳಿ. 15,000 ಪ್ರೀಮಿಯಂ, ಅದಕ್ಕೆ 3,000 ವ್ಯಾಟ್, ಒಟ್ಟು 1,18,000. ಸಾಗಣೆ, ವಿಮೆ ಬೇರೆ. ಹೊರದೇಶದಿಂದ ಬಂದ ಕಾರಾದರೆ ಆಮದು ತೆರಿಗೆ ಯಾರು ಕಟ್ಟಬೇಕು ಅಂತ ಕ್ಯಾಟಲಾಗಿನಲ್ಲಿ ಹುಡುಕಿ.

ನೇರವಾಗಿ ಕೊಳ್ಳುವವರು ಮುಂಗಡ ಕೊಡುವಾಗ "ತಪಾಸಣೆ ಸರಿಯಾಗಿ ಬರದಿದ್ದರೆ ಮುಂಗಡ ವಾಪಸು" ಅಂತ ಬರೆಸಿಕೊಳ್ಳಿ. ಕಾರಿನ ಮೇಲೆ ಸಾಲವಿದೆಯಾ, ಕಳುವಿನ ದೂರು ಇದೆಯಾ ಅಂತ ಹಿಸ್ಟರಿ ಚೆಕ್ ಮಾಡಿಸಿ. ಕ್ರಯಪತ್ರದಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಜೊತೆಗೆ ಬರುವ ಬಿಡಿಭಾಗಗಳ ಪಟ್ಟಿ ಎಲ್ಲವೂ ಇರಲಿ. ಹಳೇ ಹರಾಜಿನ ಫೋಟೊ ಕದ್ದು ಜಾಹೀರಾತು ಹಾಕುವ ಕಳ್ಳರೂ ಇದ್ದಾರೆ. ಕಾರನ್ನು ಕಣ್ಣಾರೆ ನೋಡದೆ ಒಂದು ಪೌಂಡೂ ಕಳಿಸಬೇಡಿ.

"ಬೆಂಗಳೂರಿಗೆ ತರಬಹುದಾ?" ಅಂತಲೂ ಕೇಳುತ್ತಾರೆ. ಭಾರತದಲ್ಲಿ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಂಥದ್ದಕ್ಕಷ್ಟೇ ರಸ್ತೆಗೆ ತರಬಹುದು. ಆಮದು ಸುಂಕ ಭಾರೀ, ಆಮದು ನಿಯಮವೂ ಬದಲಾಗುತ್ತಿರುತ್ತದೆ. ಕೊಳ್ಳುವ ಮುಂಚೆಯೇ ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಲೆಕ್ಕ ತಗೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಇದರ ಮೆಕ್ಯಾನಿಕ್ಕುಗಳು, ಟ್ರ್ಯಾಕುಗಳು, ಜೊತೆಗೆ ಓಡುವ ಕಾರುಗಳು ಎಲ್ಲ ಇರುವುದು ಅಲ್ಲೇ. ಬ್ರಿಟನ್ನಿನಲ್ಲೇ ಇಟ್ಟುಕೊಂಡು ಓಡಿಸಿ.

ಹಂತ 10: ಕೈಗೆ ಬಂದ ಮೇಲೆ

ಮುಚ್ಚಿದ ಟ್ರೇಲರಿನಲ್ಲಿ ತರಿಸಿ. ವಿಮೆಯನ್ನು "ಒಪ್ಪಿದ ಬೆಲೆ" ಆಧಾರದ ಮೇಲೆ ಮಾಡಿಸಿ, ಅಂದರೆ ನಷ್ಟವಾದರೆ ಎಷ್ಟು ಕೊಡಬೇಕು ಅಂತ ಮೊದಲೇ ಬರೆದುಕೊಂಡಿರುವ ವಿಮೆ. ಸಾಮಾನ್ಯ ರಸ್ತೆ ವಿಮೆ ರೇಸ್ ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. 40 ವರ್ಷ ದಾಟಿದ ಕಾರಿಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವಾರ್ಷಿಕ ಎಂಒಟಿ ತಪಾಸಣೆಯ ವಿನಾಯಿತಿ ಇದೆ. ಆದರೂ ವರ್ಷಕ್ಕೊಮ್ಮೆ ಸ್ವಂತ ಖರ್ಚಿನಲ್ಲಿ ಮಾಡಿಸಿ.

ರೇಸಿಗೆ ಇಳಿಯುವ ಆಸೆಯಿದ್ದರೆ ಎಆರ್‌ಡಿಎಸ್ ಎಂಬ ರೇಸ್ ಚಾಲಕರ ಪರೀಕ್ಷೆ ಪಾಸಾಗಿ ರೇಸ್ ಲೈಸೆನ್ಸ್ ತಗೊಳ್ಳಬೇಕು. ಸೀಟ್ ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್, ಪೆಟ್ರೋಲ್ ಟ್ಯಾಂಕಿನ ಒಳಚೀಲ, ಇವಕ್ಕೆಲ್ಲ ಅವಧಿ ಇರುತ್ತದೆ, ತಾರೀಕು ನೋಡಿ ಬದಲಾಯಿಸಿ. ಮೊದಲ ಸಲ ರೇಸಿಗೆ ಬೇಡ, ಟೆಸ್ಟ್ ಡೇ, ಅಂದರೆ ಟ್ರ್ಯಾಕಿನಲ್ಲಿ ಅಭ್ಯಾಸಕ್ಕೆ ಬಿಡುವ ದಿನ ಒಂದಕ್ಕೆ ಹೋಗಿ. ಮೂರ್ನಾಲ್ಕು ಸುತ್ತು ನಿಧಾನ ಹೊಡೆದು ಪಿಟ್ಟಿಗೆ ಬನ್ನಿ. ಚಕ್ರದ ನಟ್, ಸಸ್ಪೆನ್ಷನ್ ಬೋಲ್ಟ್, ಎಣ್ಣೆ ಸೋರಿಕೆ ನೋಡಿ, ಬಿಗಿ ಮಾಡಿ, ಆಮೇಲೆ ವೇಗ ಹೆಚ್ಚಿಸಿ.